ಓದುಗರ ಸ್ಪಂದನ: ‘ದೇವರು ಕ್ಷಮಿಸಿದ ಮೇಲೂ ಅಕ್ಕನಿಗೆ ಹೇಳಬೇಕಾ?’

ಕಳೆದ ಸಂಚಿಕೆಯ ಸಮಸ್ಯೆ: 54 ವರ್ಷದ ಕಥೋಲಿಕ ಓದುಗರೊಬ್ಬರ ಪತ್ರವಿದು. ಅಪ್ಪ ಅಮ್ಮ ತೀರಿಕೊಂಡ ಮೇಲೆ, ಅವರ ಜಾಗದ ಖಾತೆ ಬದಲಾವಣೆಗೆ ಬೇಕು ಎಂದು ಹೇಳಿ ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಆ ಜಾಗ ಮಾರಿ ಮನೆ ಕಟ್ಟಿದರು. ಅಕ್ಕನಿಗೆ ಇಂದಿಗೂ ವಿಷಯ ಗೊತ್ತಿಲ್ಲ. ಆಕೆ ಗಂಡನನ್ನು ಕಳೆದುಕೊಂಡು ಬಾಡಿಗೆ ಮನೆಯಲ್ಲಿದ್ದಾರೆ. ಈ ಸಲದ ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಇವರು ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡಿದರು. ಅಕ್ಕನಿಗೆ ಸಲ್ಲಬೇಕಾದ್ದನ್ನು ಸಲ್ಲಿಸು ಎಂದರು ಗುರುಗಳು. ಹೆಂಡತಿ ಒಪ್ಪುತ್ತಿಲ್ಲ. ‘ದೇವರೇ ಕ್ಷಮಿಸಿದ ಮೇಲೆ ಹಳೇದನ್ನು ಯಾಕೆ ಕೆದಕಬೇಕು? ಮದುವೇಲಿ ಅವರಿಗೆ ಬಂಗಾರ ಹಾಕಿದ್ದಾರಲ್ಲ. ಬೇಕಾದರೆ ಅಷ್ಟು ದುಡ್ಡು ಚರ್ಚಿಗೋ ಅನಾಥಾಶ್ರಮಕ್ಕೋ ಕೊಡೋಣ’ ಎನ್ನುತ್ತಾರೆ. ಇವರಿಗೆ ನಿದ್ದೆಯಿಲ್ಲ, ತಮ್ಮ ಮೇಲೆಯೇ ಅಸಹ್ಯ. ಏನು ಮಾಡಲಿ ಎಂದು ಕೇಳಿದ್ದರು.



ನಿಮ್ಮ ಗುರುಗಳು ಹೇಳಿದ್ದು ಸರಿಯಾಗಿದೆ. ಅದು ಅವರೊಬ್ಬರ ಅಭಿಪ್ರಾಯವಲ್ಲ, ಧರ್ಮಸಭೆಯ ಬೋಧನೆಯೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ಓದಿ ನೋಡಿ. ಕ್ಷಮಾದಾನದಿಂದ ಪಾಪ ಹೋಗುತ್ತದೆ, ಆದರೆ ಆ ಪಾಪ ಮಾಡಿಟ್ಟ ಹಾನಿಯೆಲ್ಲ ತಾನಾಗಿ ಸರಿಹೋಗುವುದಿಲ್ಲ ಎಂದು ಅಲ್ಲಿದೆ. ಕದ್ದದ್ದನ್ನು ಹಿಂದಿರುಗಿಸಬೇಕು ಎಂಬ ಉದಾಹರಣೆಯೂ ಅಲ್ಲೇ ಇದೆ.

ಚರ್ಚಿಗೆ ಕೊಡುವ ವಿಚಾರಕ್ಕೆ ಬರುತ್ತೇನೆ. ಜಕ್ಕಾಯನ ಕಥೆ ನಿಮಗೆ ಗೊತ್ತಲ್ವಾ? ಬೈಬಲಿನಲ್ಲಿ ಲೂಕನ 19ನೇ ಅಧ್ಯಾಯ. ಜೆರಿಕೋದ ಸುಂಕದವರ ಮುಖ್ಯಸ್ಥ, ಮರ ಹತ್ತಿ ಕೂತವನು. ಯೇಸು ಅವನ ಮನೆಗೆ ಬಂದಾಗ ಅವನು ಹೇಳಿದ ಮಾತನ್ನು ನಿಧಾನವಾಗಿ ಓದಿ. ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಎಂದ. ಅಲ್ಲಿಗೇ ನಿಲ್ಲಿಸಲಿಲ್ಲ. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ಅವರಿಗೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಎರಡೂ ಬೇರೆ ಬೇರೆ ಲೆಕ್ಕ. ಬಡವರಿಗೆ ಕೊಟ್ಟದ್ದು ಮೋಸಹೋದವರ ಬಾಕಿಗೆ ಜಮೆ ಆಗುವುದಿಲ್ಲ. ನಿಮ್ಮ ಅಕ್ಕನ ದುಡ್ಡಿನಲ್ಲಿ ನೀವು ದಾನಿ ಅನ್ನಿಸಿಕೊಳ್ಳುವುದು ನ್ಯಾಯವಾ? ಸಂತ ಥಾಮಸ್ ಅಕ್ವಿನಾಸ್ ಕೂಡ ಇದನ್ನು 13ನೇ ಶತಮಾನದಲ್ಲೇ ಬಿಡಿಸಿ ಬರೆದಿದ್ದಾರೆ. ಹುಡುಕಿದರೂ ಹಕ್ಕುದಾರ ಯಾರೆಂದು ಗೊತ್ತಾಗದಿದ್ದರೆ ಮಾತ್ರ ಅವನ ಹೆಸರಿನಲ್ಲಿ ಬಡವರಿಗೆ ಕೊಡಬಹುದು. ನಿಮ್ಮ ಅಕ್ಕ ಯಾರು, ಎಲ್ಲಿದ್ದಾರೆ ಎಂಬುದು ನಿಮಗೆ ಗೊತ್ತೇ ಇದೆ.

ಇನ್ನೊಂದು ಮಾತು. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನಾಳೆ ಚರ್ಚಿನ ಬಾಗಿಲಲ್ಲಿ ಸಿಕ್ಕಾಗ ‘ಅಕ್ಕನಿಗೆ ಕೊಟ್ಟೆಯಾ’ ಎಂದು ಅವರಾಗಿ ಕೇಳುವುದೂ ಇಲ್ಲ. ಯಾರೂ ವಿಚಾರಿಸಲು ಬರುವುದಿಲ್ಲ. ಇದನ್ನು ನೀವೇ ನಿಮ್ಮ ಕೈಯಾರೆ ಮಾಡಬೇಕು.

— ನಿವೃತ್ತ ಶಿಕ್ಷಕಿ, ಮೈಸೂರು



ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್) ಸಭೆಯವನು. ನಿಮ್ಮ ಹಾಗೆ ಗುರುಗಳ ಬಳಿ ಹೋಗಿ ಪಾಪನಿವೇದನೆ ಮಾಡುವ ರೂಢಿ ನಮ್ಮಲ್ಲಿಲ್ಲ. ಆದರೆ ಈ ವಿಷಯದಲ್ಲಿ ನಮ್ಮ ನಿಮ್ಮ ನಡುವೆ ಭೇದವಿಲ್ಲ.

ಬೈಬಲಿನ ಯಾಜಕಕಾಂಡ 6ನೇ ಅಧ್ಯಾಯದ ಮೊದಲ ವಚನಗಳು ನಿಮ್ಮ ವಿಷಯವನ್ನೇ ಹೇಳುತ್ತವೆ. ನೆರೆಯವನಿಗೆ ಸುಳ್ಳು ಹೇಳಿ ಅವನದ್ದನ್ನು ಇಟ್ಟುಕೊಂಡವನು ಪೂರ್ತಿ ಹಿಂದಕ್ಕೆ ಕೊಡಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಅದನ್ನು ಸೊತ್ತಿನವನ ಕೈಗೇ ಕೊಡಬೇಕು. ಯಜ್ಞದ ಮಾತು ಬರುವುದು ಆಮೇಲೆ. ಬೈಬಲಿನದೇ ಅರಣ್ಯಕಾಂಡ 5ರಲ್ಲಿ ಇನ್ನೂ ಸ್ಪಷ್ಟವಾಗಿದೆ. ಆ ಹಣ ದೇವರ ಪಾಲಾಗಿ ಯಾಜಕನಿಗೆ ಸೇರುವುದು, ತೆಗೆದುಕೊಳ್ಳಲು ಹತ್ತಿರದ ಸಂಬಂಧಿಕರೂ ಇಲ್ಲದಾಗ. ನಿಮ್ಮ ಮನೆಯವರು ದೇವಾಲಯವನ್ನು ಸಾಲಿನ ಮೊದಲಿಗೆ ತಂದಿದ್ದಾರೆ. ಧರ್ಮಶಾಸ್ತ್ರ ಅದನ್ನು ಕೊನೆಗೆ ಇಟ್ಟಿದೆ.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ 1517ರಲ್ಲಿ ಬರೆದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪದ ಬದುಕಾಗಿರಬೇಕು ಎಂಬುದು. ದುಡ್ಡು ಕೊಟ್ಟು ಪಾಪದ ಶಿಕ್ಷೆ ಮನ್ನಾ ಆಗುವ ಚೀಟಿ ತಗೊಂಡರೆ ಮುಗಿಯಿತು ಎಂದು ಜನ ನಂಬಿದ್ದನ್ನು ನೋಡಿ ಆತ ಕುದಿದುಹೋಗಿದ್ದ. ಚರ್ಚಿಗೆ ಕೊಟ್ಟು ಅಕ್ಕನ ಬಾಕಿ ತೀರಿಸುವ ಯೋಚನೆಯೂ ಅದೇ ದಾರಿಯದು. ದಯವಿಟ್ಟು ಬಿಟ್ಟುಬಿಡಿ.

— ಸಭೆಯ ಹಿರಿಯರೊಬ್ಬರು, ಧಾರವಾಡ



ನಾನು ನಿಮ್ಮ ಅಕ್ಕನ ಜಾಗದಲ್ಲಿದ್ದವಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮನೂ ಹೀಗೇ ಸಹಿ ಹಾಕಿಸಿಕೊಂಡಿದ್ದ. ನನಗೆ ಅನುಮಾನವೂ ಬಂದಿರಲಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಅವನ ಮಕ್ಕಳಿಗೆ ಕರ್ಜಿಕಾಯಿ ಮಾಡಿ ಕಳಿಸುತ್ತಿದ್ದೆ. ಒಂದು ದಿನ ಮಧ್ಯಾಹ್ನ ಒಬ್ಬನೇ ಬಂದ. ಊಟ ಮಾಡು ಅಂದರೆ ಬೇಡ ಅಂದ. ಪತ್ರದ ಜೆರಾಕ್ಸ್ ಪ್ರತಿಯನ್ನು ಟೇಬಲ್ ಮೇಲೆ ಇಟ್ಟು, ನನ್ನ ಸಹಿ ಇರುವ ಕಡೆ ಬೆರಳಿಟ್ಟ. ‘ಇದು ಏನು ಅಂತ ನಿನಗೆ ಸುಳ್ಳು ಹೇಳಿದೆ. ಇದರಿಂದ ನಿನ್ನ ಪಾಲು ನನಗೆ ಬಂತು. ಇಷ್ಟಕ್ಕೆ ಮಾರಿದೆ, ಇಷ್ಟು ನಿನ್ನದು’ ಅಂದ. ಆಗ ಕಷ್ಟ ಇತ್ತು, ಹೆಂಡತಿ ಹೇಳಿದಳು, ಎಲ್ಲರೂ ಮಾಡುತ್ತಾರೆ, ಇಂಥ ಒಂದು ಮಾತೂ ಆಡಲಿಲ್ಲ.

ನನಗೆ ಸಿಟ್ಟು ಬಂತು. ಎದ್ದು ಹೋಗು ಅಂದೆ. ಹೋದ. ಬಹಳ ದಿನ ಅವನ ಫೋನ್ ಎತ್ತಲಿಲ್ಲ. ನೋವಾದದ್ದು ದುಡ್ಡಿಗಿಂತ ಜಾಸ್ತಿ ಆ ನಂಬಿಕೆಗೆ. ಆದರೆ ಅವನು ‘ದೇವರು ಕ್ಷಮಿಸಿದ್ದಾನೆ, ನೀನೂ ಕ್ಷಮಿಸು’ ಎಂದು ಒತ್ತಾಯ ಮಾಡಲಿಲ್ಲ. ಹೇಳಿದ ದಿನಕ್ಕೆ ಹೇಳಿದಷ್ಟು ದುಡ್ಡು ಬರುತ್ತಿತ್ತು. ಸುಮ್ನೆ ಕಾದ. ಈಗ ನವೆಂಬರ್ 2ಕ್ಕೆ, ಸತ್ತವರನ್ನು ನೆನೆಯುವ ದಿನ, ಅಪ್ಪ ಅಮ್ಮನ ಸಮಾಧಿಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ಮೊದಲಿನ ಹಾಗೆ ಎಲ್ಲವೂ ಸರಿಯಾಗಿದೆ ಅಂತ ಹೇಳಲಾರೆ. ಆದರೆ ಅವನು ಆಡುವ ಮಾತನ್ನು ಈಗ ನಂಬುತ್ತೇನೆ.

ನಿಮ್ಮ ಅಕ್ಕನಿಗೂ ಸಿಟ್ಟು ಬರಬಹುದು. ಬರಲಿ ಬಿಡಿ. ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅವರದ್ದೇ, ಅದನ್ನೂ ಅವರಿಂದ ಕಿತ್ತುಕೊಳ್ಳಬೇಡಿ.

— ಓದುಗಿ, ಹಾಸನ



ನಿಮ್ಮ ಮೇಲೆ ನಿಮಗೇ ಅಸಹ್ಯ ಎಂದು ಬರೆದಿದ್ದೀರಿ. ಆ ಸಾಲು ಓದಿ ಬೇಜಾರಾಯಿತು. ಯೇಸುವಿನ ಶಿಷ್ಯರಾದ ಯೂದ ಮತ್ತು ಪೇತ್ರ, ಇಬ್ಬರನ್ನೂ ನೆನೆಸಿಕೊಳ್ಳಿ. ಯೂದನಿಗೂ ಪಶ್ಚಾತ್ತಾಪವಾಯಿತು. ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಸಿಕ್ಕಿದ್ದ 30 ಬೆಳ್ಳಿ ನಾಣ್ಯಗಳನ್ನು ಅವನು ದೇವಾಲಯದಲ್ಲಿ ಎಸೆದು ಹೋದ. ಅದು ಕಾಣಿಕೆ ಪೆಟ್ಟಿಗೆಗೆ ಹಾಕುವ ದುಡ್ಡಲ್ಲ ಎಂದು ಯಾಜಕರೇ ಹೇಳಿದರು. ತಾನು ದ್ರೋಹ ಬಗೆದವನ ಕಡೆಗೆ ಮಾತ್ರ ಅವನು ತಿರುಗಲಿಲ್ಲ. ಪೇತ್ರನೂ ಯೇಸುವಿನ ಬಗ್ಗೆ ಮೂರು ಸಲ ‘ಅವನನ್ನು ನಾನರಿಯೆ’ ಎಂದವನೇ. ಆದರೆ ಕೆರೆಯ ದಡದಲ್ಲಿ ಯೇಸುವಿನ ಎದುರು ಕೂತ, ಮೂರು ಸಲ ಪ್ರಶ್ನೆ ಎದುರಿಸಿದ, ನೊಂದುಕೊಂಡ, ಉತ್ತರ ಕೊಟ್ಟ. ಅಸಹ್ಯ ಪಟ್ಟುಕೊಂಡು ಕೂತರೆ ಅಕ್ಕನ ಬಾಡಿಗೆ ಕಡಿಮೆಯಾಗುವುದಿಲ್ಲ. ಎದ್ದು ಹೋಗಿ.

ನಿಮ್ಮ ಹೆಂಡತಿಯನ್ನು ವೈರಿಯ ಹಾಗೆ ನೋಡಬೇಡಿ. ಮಕ್ಕಳ ಓದು, ಮನೆ ಸಾಲ, ಅವರಿಗೂ ಭಯ ಇರುತ್ತದೆ. ಮೊದಲು ಅವರ ಜೊತೆ ಕೂತು ಲೆಕ್ಕ ಹಾಕಿ. ಆದರೆ ಅವರು ಒಪ್ಪಲಿಲ್ಲ ಎಂಬ ನೆಪ ಮಾತ್ರ ಬೇಡ. ಸಹಿ ಹಾಕಿಸಿಕೊಂಡವರು ನೀವು.

— ನರ್ಸ್, ದೋಹಾ



ವಕೀಲಳಾಗಿ ಕೆಲವು ಮಾತು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಮಗ, ಮಗಳು ಇಬ್ಬರಿಗೂ ಸಮಪಾಲು. ಹಾಗಾಗಿ ಅರ್ಧ ಅಕ್ಕನದೇ. ಮದುವೆಯ ಬಂಗಾರದ ವಾದ ನಿಲ್ಲುವುದಿಲ್ಲ. ತಂದೆ ಬದುಕಿದ್ದಾಗ ಮಕ್ಕಳ ಏಳಿಗೆಗೆಂದು ಕೊಟ್ಟದ್ದನ್ನು ಪಾಲಿನಲ್ಲಿ ಮುರಿದುಕೊಳ್ಳುವಂತಿಲ್ಲ ಎಂದು ಅದೇ ಕಾಯ್ದೆಯ 49ನೇ ಕಲಂ ಹೇಳುತ್ತದೆ.

ಅಕ್ಕ ಕೋರ್ಟಿಗೆ ಹೋಗಬಹುದಾ? ಹೋಗಬಹುದು. ಮೋಸದಿಂದ ಮಾಡಿಸಿಕೊಂಡ ಪತ್ರದ ವಿಷಯದಲ್ಲಿ ಕಾಲಮಿತಿ ಶುರುವಾಗುವುದು ಮೋಸ ಗೊತ್ತಾದ ಮೇಲೆ. ಅದನ್ನು ತಿಳಿದೇ ಹೋಗಿ. ಅವರಿಗೆ ಬೇಕಾದರೆ ಬೇರೆ ವಕೀಲರನ್ನು ಕೇಳಲಿ, ಆ ಖರ್ಚೂ ನಿಮ್ಮದಿರಲಿ. ಹಳೇ ಬೆಲೆಗೆ ಲೆಕ್ಕ ಮುಗಿಸಬೇಡಿ. ಅವರ ಪಾಲಿನ ದುಡ್ಡು ಇಷ್ಟು ವರ್ಷ ನಿಮ್ಮ ಮನೆಯ ಗೋಡೆಯಲ್ಲಿದೆ, ಈಗಿನ ಬೆಲೆ ನೋಡಿ. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡಿ, ಆದರೆ ಬಾಯಿಮಾತು ಬೇಡ. ಮೊತ್ತ, ತಾರೀಖು ಬರೆದು ಕರಾರು ಮಾಡಿಕೊಳ್ಳಿ. ನಿಮಗೆ ಏನಾದರೂ ಆದರೂ ಬಾಕಿ ತೀರಲಿ ಎಂದು ಉಯಿಲಿನಲ್ಲೂ ಬರೆದಿಡಿ. ಪತ್ರದ ನಕಲು ನಿಮ್ಮಲ್ಲಿ ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ಪ್ರತಿ ಸಿಗುತ್ತದೆ. ಅಕ್ಕನ ಮನೆಗೆ ಹೋಗುವಾಗ ಅದನ್ನು ತಗೊಂಡು ಹೋಗಿ, ಈ ಸಲ ಅವರು ಪೂರ್ತಿ ಓದಲಿ.

— ವಕೀಲೆ, ಬೆಂಗಳೂರು