ಅಪ್‌ಡೇಟ್: ರೆಡಿಸ್ 7.4ರಿಂದ ವಾಲ್ಕೀ 8.0ಕ್ಕೆ ಬಂದದ್ದಾಯ್ತು
ಹೋದ ವಾರ ಕೇಳಿದ್ದು ಇಷ್ಟೇ: ರೆಡಿಸ್ ಅಂದ್ರೆ ಡೇಟಾವನ್ನು ಮೆಮೊರಿಯಲ್ಲೇ ಇಡೋ ಡೇಟಾಬೇಸ್. 2024ರ ಮಾರ್ಚ್‌ನಲ್ಲಿ ಅದರ ಕಂಪನಿ ಬಿಎಸ್‌ಡಿ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಕೈಬಿಟ್ಟಿತು. ಹಳೇ ನಂಟು ಅಂತ ಅಲ್ಲೇ ಇರೋದಾ, ರೆಡಿಸ್‌ನ ಹಳೇ ಕೋಡ್‌ನಿಂದ ಕವಲೊಡೆದ, ಲಿನಕ್ಸ್ ಫೌಂಡೇಶನ್‌ನ ವಾಲ್ಕೀಗೆ ಹೋಗೋದಾ? ಹೋದೆ.

'ಡಂಪ್ ಫೈಲ್ ನಕಲು ಮಾಡಿ ಸಾಕು' ಅಂದ ಸಲಹೆ ನಡೀಲಿಲ್ಲ. ಆ ಫೈಲ್ ಇಡೀ ಡೇಟಾದ ಸ್ನ್ಯಾಪ್‌ಶಾಟ್, ಅದರ ಫಾರ್ಮ್ಯಾಟ್ ಆರ್‌ಡಿಬಿ. ರೆಡಿಸ್ 7.4 ಬರೆಯೋದು ಆರ್‌ಡಿಬಿ ಆವೃತ್ತಿ 12, ವಾಲ್ಕೀ 8.0 ಓದೋದು 11ರ ತನಕ. ವಾಲ್ಕೀಯನ್ನು ರೆಡಿಸ್‌ನ ರೆಪ್ಲಿಕಾ (ನಕಲು ಸರ್ವರ್) ಮಾಡೋ ಉಪಾಯವೂ ಇದಕ್ಕೇ ಬಿತ್ತು; ಮೊದಲ ಸಿಂಕ್‌ನಲ್ಲಿ ಹೋಗೋದೂ ಆರ್‌ಡಿಬಿಯೇ ತಾನೆ.

ಕೈಹಿಡಿದದ್ದು ಎಒಎಫ್ (ಬರವಣಿಗೆಯ ಕಮಾಂಡ್‌ಗಳ ಲಾಗ್ ಫೈಲ್) ಸಲಹೆ. ಆ್ಯಪ್‌ನ ಬರವಣಿಗೆ ನಿಲ್ಲಿಸಿ, ರೆಡಿಸ್‌ನಲ್ಲಿ ಮೊದಲು 'ಎಒಎಫ್-ಯೂಸ್-ಆರ್‌ಡಿಬಿ-ಪ್ರಿಆಂಬಲ್' ಅನ್ನು 'ನೋ' ಮಾಡಿ, ಆಮೇಲೆ 'ಅಪೆಂಡ್‌ಓನ್ಲಿ' ಅನ್ನು 'ಯೆಸ್' ಮಾಡಿ. ಹಿಂದುಮುಂದಾದರೆ ಎಒಎಫ್‌ನ ಬೇಸ್ ಫೈಲ್ (ಈಗಿರೋ ಡೇಟಾ ಇಡೀ ಇರೋ ಫೈಲ್) ಮತ್ತೆ ಆರ್‌ಡಿಬಿಯಾಗೇ ಹುಟ್ಟುತ್ತೆ. ಸರಿಯಾದರೆ ಅದರೊಳಗೆ ಬರೀ ಕಮಾಂಡ್‌ಗಳು. ಅದನ್ನು ವಾಲ್ಕೀ-ಸಿಎಲ್‌ಐಗೆ (ವಾಲ್ಕೀಯ ಕಮಾಂಡ್ ಲೈನ್ ಸಾಧನ) ಪೈಪ್ ಆಯ್ಕೆಯಲ್ಲಿ ಉಣಿಸಿ. ಎಕ್ಸ್‌ಪೈರಿ (ಕೀ ತಾನಾಗೇ ಅಳಿಯೋ ಹೊತ್ತು) ನಿಗದಿತ ಸಮಯವಾಗೇ ಬರೋದರಿಂದ ಕೆಡಲ್ಲ. ಆದರೆ 7.4ರಲ್ಲಿ ಹೊಸದಾಗಿ ಬಂದ ಹ್ಯಾಶ್ ಫೀಲ್ಡ್ ಎಕ್ಸ್‌ಪೈರಿ (ಕೀಯೊಳಗಿನ ಒಂದೊಂದು ಫೀಲ್ಡ್‌ಗೂ ಬೇರೆ ಹೊತ್ತು) ಬಳಸಿದ್ದರೆ 8.0ಕ್ಕೆ ಅದು ಅರ್ಥವಾಗಲ್ಲ.

ಗೊತ್ತಿರದೇ ಇದ್ದದ್ದು: 2025ರ ಮೇನಲ್ಲಿ ಬಂದ ರೆಡಿಸ್ 8ಕ್ಕೆ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ನ ಆಯ್ಕೆಯೂ ಇದೆ. ಅಂದ್ರೆ ಅದೀಗ ಮತ್ತೆ ಓಪನ್ ಸೋರ್ಸ್. ಆದರೂ ವಾಪಸ್ ಹೋಗಲ್ಲ. ಲೈಸೆನ್ಸ್ ಒಂದೇ ಕಂಪನಿಯ ಕೈಯಲ್ಲಿರೋದೇ ನನ್ನ ತಕರಾರು.