ಬೆಳವಣಿಗಿ 8.2, ತುಟ್ಟಿ ಬರೇ 0.25 ಅಂತ. ಮತ್ತ ನಮ್ಮ ಮನಿಗೆ ಯಾಕ ಹಗುರ ಆಗಿಲ್ರಿ?

ತೊಗರಿನಾಡು_ಕಲಬುರಗಿ:
ಎಲ್ಲರಿಗೂ ಶರಣ್ರಿ. 2025ರ ಜುಲೈದಿಂದ ಸೆಪ್ಟೆಂಬರ್ ತನಕ ದೇಶದ ಬೆಳವಣಿಗಿ 8.2 ಪರ್ಸೆಂಟ್ ಅಂತ, ಅಕ್ಟೋಬರ್‌ದಾಗ ಬೆಲೆ ಏರಿಕೆ ಬರೇ 0.25 ಅಂತ ಟಿವ್ಯಾಗ ಹೇಳ್ಲತ್ತಿದ್ರು. ಮೊದಲೆಲ್ಲ ಏನಂತಿದ್ರು, ಬೆಳವಣಿಗಿ ಬೇಕಂದ್ರ ಸ್ವಲ್ಪ ತುಟ್ಟಿ ತಡ್ಕೋಬೇಕು, ಎರಡೂ ಕೂಡಿ ಸಿಗಂಗಿಲ್ಲ ಅಂತ. ಈಗ ಎರಡೂ ಸಿಕ್ಕಾವಲ್ಲ, ಮತ್ತ ನನ್ನ ಪಗಾರ ಇಪ್ಪತ್ತನೇ ತಾರೀಖಿಗೇ ಯಾಕ ಮುಗೀತದ? ಊರಾಗ ಚಿತ್ತಾಪುರ ಕಡಿ ನಮ್ಮಪ್ಪಂದು ಎಂಟು ಎಕರೆ ತೊಗರಿ ಅದ. ಬ್ಯಾಳಿ ಸೋವಿ ಆಗ್ಯಾದ ಅಂತ ನನ್ನ ಹೆಂಡ್ತಿ ಖುಷಿ, ಅದೇ ರೇಟಿಗೆ ನಮ್ಮಪ್ಪ ಹೊದ್ಕೊಂಡು ಮಲಗ್ಯಾನ. ಒಂದೇ ಮನೆತನದಾಗ ಇಬ್ಬರು. ಯಾರಿಗೆ ಸಮಾಧಾನ ಹೇಳ್ಲಿ? ತಿಳದವ್ರು ಹೇಳ್ರಿ.

ಬ್ಯಾಂಕ್_ನೌಕರ_ಬೀದರ್:
ಸರ್, ಮೊದಲು ಒಂದು ಮಾತು. 0.25 ಅಂದ್ರೆ ರೇಟ್ ಇಳೀತು ಅಂತ ಅಲ್ಲ, ಹೋದ ವರ್ಷದ ಅದೇ ತಿಂಗಳಿಗಿಂತ ಎಷ್ಟು ಏರ್ತು ಅನ್ನೋದು. 2024ರ ಅಕ್ಟೋಬರ್‌ದಾಗ ಏರಿಕೆ 6.21 ಇತ್ತು, ಅಷ್ಟು ಮೇಲೆ ಹೋದದ್ದರ ಮೇಲೆ ಈಗ ಇನ್ನೂ ಕಾಲು ಪರ್ಸೆಂಟ್. ಏರಿದ್ದು ಏರಿದಲ್ಲೇ ನಿಂತದ, ಹಂಗಾಗಿ ನಿಮ್ಮ ಪಗಾರಕ್ಕೆ ಹಗುರ ಅನಸಿಲ್ಲ.

ಎರಡು ಕೂಡಿ ಸಿಗಲ್ಲ ಅನ್ನೋ ಮಾತು ಸುಳ್ಳಲ್ಲ. 2016ರಿಂದ ರಿಸರ್ವ್ ಬ್ಯಾಂಕಿಗೆ ತುಟ್ಟಿ 4 ಪರ್ಸೆಂಟಿಗೆ ಇಡೋ ಗುರಿ ಕೊಟ್ಟಾರೆ, ಕೆಳಗ 2 ಮೇಲೆ 6. ಕೊರೋನಾ ಟೈಮಿನಾಗ ಉದ್ಯೋಗ ನಿಲ್ಲಬಾರದು ಅಂತ ರೆಪೊ, ಅಂದ್ರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕಿಗೆ ಸಾಲ ಕೊಡೋ ಬಡ್ಡಿ, 4ಕ್ಕೆ ಇಳಿಸಿದ್ರು, 2022ರ ಏಪ್ರಿಲ್‌ದಾಗ ತುಟ್ಟಿ 7.79 ಆತು, ಮೇದಿಂದ ಏರಿಸ್ಕೋತ ಹೋಗಿ 2023ರ ಫೆಬ್ರವರಿಗೆ 6.5 ಮಾಡಿದ್ರು. ನನ್ನದೇ ಮನಿ ಸಾಲ 12 ಲಕ್ಷ, ಕಂತು 9,300 ಇದ್ದದ್ದು 11 ಸಾವಿರ ದಾಟಿತ್ತು, ಎರಡು ವರ್ಷ ಒಂದು ಗಾಡಿ ತಗೊಳ್ಳೋದೂ ಬಿಟ್ಟೀನಿ. ನನ್ನಂಥವ್ರು ಲಕ್ಷಗಟ್ಟಲೆ ಮಂದಿ ಕೈ ಹಿಡಿದ್ರ ಅಂಗಡಿ ವ್ಯಾಪಾರ, ಬೆಳವಣಿಗಿ ಕಡಿಮೆ ಆಗ್ತದ, ರೇಟ್ ನಿಲ್ತದ. ತುಟ್ಟಿ ಇಳದದ ಅಂತ 2025ರಾಗ ಮತ್ತ ಇಳಿಸಿ 5.25ಕ್ಕೆ ತಂದಾರೆ. ಆದ್ರೆ ಬಡ್ಡಿ ಏರಿಸಿದ್ರೆ ತೊಗರಿ ಹೊಲದಾಗ ಮಳಿ ಬರ್ತದೇನ್ರಿ? ಇಲ್ಲ. ಬೆಲೆ ಲೆಕ್ಕದ ಬುಟ್ಟಿಯೊಳಗ ಊಟದ ಪಾಲು ನೂರಕ್ಕ 46ರ ಹತ್ತಿರ ಇತ್ತು, ಅದರ ಮ್ಯಾಲೆ ರೆಪೊ ಅಷ್ಟಾಗಿ ನಡಿಯಂಗಿಲ್ಲ.

ಭೀಮಾತೀರದಾಂವ:
ಮತ್ತ ಊಟದ ರೇಟ್ ಹೆಂಗ ಇಳಸ್ತಾರ ಅಂದ್ರ ನಮ್ಮ ಕುತ್ಗಿ ಮ್ಯಾಲ್ರಿ. ಅಕ್ಟೋಬರ್‌ದಾಗ ಆಹಾರದ ರೇಟ್ ಐದು ಪರ್ಸೆಂಟ್ ಕೆಳಗ ಹೋಯ್ತು, ಎಲ್ಲರೂ ಶಭಾಷ್ ಅಂದ್ರು. ಆ ಐದು ಯಾರ ಕಿಸೇದಾಗಿಂದ ಹೋಯ್ತು? ತೊಗರಿಗೆ ಸುಂಕ ಇಲ್ದೆ ಮಯನ್ಮಾರ್, ಆಫ್ರಿಕಾ ಕಡಿಂದ ಬರ್ಲಿ ಅಂತ ಬಾಗಿಲಾ ತೆರದಿದ್ರು, 2026ರ ಮಾರ್ಚ್ ತನಕ. 2023ರ ಡಿಸೆಂಬರ್‌ದಿಂದ ಹಳದಿ ಬಟಾಣಿನೂ ಹಂಗೇ ಬಂತು, 2025ರ ನವೆಂಬರ್‌ದಿಂದ 30 ಪರ್ಸೆಂಟ್ ಸುಂಕ ಹಾಕ್ಯಾರ, ಗೋದಾಮು ತುಂಬಿದ ಮ್ಯಾಲೆ. 2025-26ಕ್ಕ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಅಂತ ಕಾಗದದಾಗ ಅದ, ಗಂಜ್‌ನ್ಯಾಗ ಅಷ್ಟು ಯಾರೂ ಕೊಡ್ಲತ್ತಿಲ್ಲ. ಖರೀದಿ ಕೇಂದ್ರ ತೆರೆಯೋದ್ರೊಳಗ ಬೀಜ ಗೊಬ್ಬರದ ಬಾಕಿ ತೀರಿಸಲಾಕ ಮಂದಿ ಅಡತ್ಯಾಗ (ದಲ್ಲಾಳಿ ಅಂಗಡ್ಯಾಗ) ಮಾರಿಬಿಟ್ಟಿರ್ತಾರ.

ಸೆಪ್ಟೆಂಬರ್‌ದಾಗ ಭೀಮಾ ಉಕ್ಕಿ ಬಂದಾಗ ನನ್ನ ಹೊಲದಾಗ ಮೊಣಕಾಲ ತನಕ ನೀರು, ಬೇರು ಕೊಳ್ತು ಗಿಡ ನಿಂತಲ್ಲೇ ಒಣಗ್ದು. ಎಕರೆಕ್ಕ ನಾಕು ಕ್ವಿಂಟಲ್ ಬರೋ ಹೊಲ, ಈ ಸಲ ಒಂದೂವರೆ ಬಂದ್ರ ದೊಡ್ಡದು. ಪೀಕು ಕಡಿಮೆ ಆದ್ರ ರೇಟ್ ಏರ್ತದ ಅಂತ ಮುತ್ಯಾನ ಕಾಲದಿಂದ ನಂಬಿದ್ವಿ, ಈಗ ಪೀಕೂ ಇಲ್ಲ ರೇಟೂ ಇಲ್ಲ.

ಖಾನಾವಳಿ_ಅಕ್ಕ:
ಅಣ್ಣಾ ನಿನ್ನ ಸಂಕಟ ಖರೇ, ಆದ್ರ ನಂದೂ ಸ್ವಲ್ಪ ಕೇಳು. ಸೂಪರ್ ಮಾರ್ಕೆಟ್ ಹತ್ರ ಖಾನಾವಳಿ ನಡಸ್ತೀನಿ, ಕಾಲೇಜ್ ಹುಡುಗ್ರೇ ಜಾಸ್ತಿ. 2024ರಾಗ ತೊಗರಿ ಬ್ಯಾಳಿ ಕಿಲೋ 170 ದಾಟಿದಾಗ ನಾ ಬ್ಯಾಳಿಗೆ ನೀರು ಹೆಚ್ಚಿಗಿ ಹಾಕೀನಿ, ಒಬ್ಬ ಹುಡುಗ ತಾಟಿನ್ಯಾಗ ಬೆರಳಾಡಿಸಿ ನನ್ನ ಮುಖ ನೋಡ್ದ, ಏನೂ ಅನ್ಲಿಲ್ಲ. ಆ ನೋಟ ನಾ ಮರ್ತಿಲ್ಲ. ಈಗ ಬ್ಯಾಳಿ ಇಳದದ, ಎಣ್ಣಿ ಏರ್ಯಾದ, ಅರ್ಧಕ್ಕಿಂತ ಹೆಚ್ಚು ಎಣ್ಣಿ ಹೊರದೇಶದ್ದೇ ನೋಡು. ಊಟಕ್ಕ ಐದು ರೂಪಾಯಿ ಏರಿಸಿದ್ರ ಹತ್ತು ಹುಡುಗ್ರು ಬರೋದು ಬಿಡ್ತಾರ. ಅಷ್ಟು ತುಟ್ಟಿನೂ ಬ್ಯಾಡ, ರೈತ ಅಳೋ ಅಷ್ಟು ಸೋವಿನೂ ಬ್ಯಾಡ. ಸರ್ಕಾರ 8,000ಕ್ಕ ತಾನೇ ಮೊದಲೇ ತಗೊಂಡು ದಾಸ್ತಾನು ಮಾಡ್ಲಿ, ತುಟ್ಟಿ ಆದ ವರ್ಷ ಅದನ್ನೇ ಹೊರಗ ಬಿಡ್ಲಿ. ಹಡಗಿನ್ಯಾಗ ತರಿಸೋ ರೊಕ್ಕ ಇಲ್ಲೇ ಉಳೀತದ.

ತೊಗರಿನಾಡು_ಕಲಬುರಗಿ:
ಅಕ್ಕಾ, ನೀವು ಹೇಳಿದ್ದು ಮನ್ಯಾಗ ಓದಿ ಹೇಳ್ದೆ, ಹೆಂಡ್ತಿ ಸುಮ್ಮಾದಳು. ಆಮ್ಯಾಲೆ ಮಾವನ್ರಿಗೆ ಫೋನ್ ಹಚ್ಚಿ ಕೊಡ್ರಿ ಅಂದ್ಳು, ಇಬ್ರೂ ಅರ್ಧ ತಾಸು ಮಾತಾಡ್ಯಾರ. ರಾಶಿ ಆದ ಮ್ಯಾಲೆ ಹತ್ತು ಚೀಲ ಮಾರದೆ ಇಡೋದು ಅಂತ ಆಗ್ಯಾದ, ಗೊಬ್ಬರದ ಅಂಗಡಿ ಬಾಕಿ ನನ್ನ ಪಗಾರದಾಗ ಕಟ್ತೀನಿ. ಭೀಮಾತೀರದ ಅಣ್ಣಾ, ಖರೀದಿ ಕೇಂದ್ರಕ್ಕ ಹೆಸರು ಹಚ್ಚಲಾಕ ಪಹಣಿ, ಆಧಾರ್ ಬಿಟ್ಟು ಮತ್ತೇನು ಬೇಕ್ರಿ? ನಮ್ಮಪ್ಪಗ ಈ ಸಲ ನಾನೇ ಕರ್ಕೊಂಡು ಹೋಗ್ತೀನಿ.