ಕಸೂತಿ ಕಲೀಬೇಕಂತಿದೀನಿ, ಈ ವಯಸ್ಸಲ್ಲಿ ಕೈ ಪಳಗತ್ತಾ?

ಇಳಕಲ್_ಸೆರಗು: ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಂಗಳೂರಲ್ಲಿ, ವಯಸ್ಸು 36, ಮಗು ಆದ್ಮೇಲೆ ಕೆಲಸ ಬಿಟ್ಟು ಐದು ವರ್ಷ ಆಯ್ತು. ಈಗೀಗ ಯಾವುದಕ್ಕೆ ಕೈ ಹಾಕೋಕೂ ಹಿಂಜರಿಕೆ, ನನ್ನ ಕೈಲಿ ಆಗಲ್ಲ ಅಂತ ಮೊದಲೇ ಅನಿಸಿಬಿಡತ್ತೆ, ಒಂದು ಗುಂಡಿ ಹೊಲಿಯೋಕೂ ಟೈಲರ್ ಹತ್ರ ಕೊಡ್ತೀನಿ. ಮೊನ್ನೆ ಅತ್ತೆಯವರ ಹಳೇ ಇಳಕಲ್ ಸೀರೆ ತೆಗೆದು ನೋಡ್ತಿದ್ದೆ, ಸೆರಗಲ್ಲಿ ಸಣ್ಣ ಸಣ್ಣ ಗೋಪುರ, ಆನೆ, ಎಲ್ಲಾ ಅವರೇ ಹಾಕಿದ್ದಂತೆ. ನಾನೂ ಒಂದಾದ್ರೂ ಹಾಕ್ಬೇಕು ಅಂತ ಆಸೆಯಾಗಿದೆ. ಬರತ್ತಾ? ಮತ್ತೆ ನಿಜ ಹೇಳಿ, ಹೀಗೆ ಕೈಯಾರೆ ಏನಾದ್ರೂ ಮಾಡಿದ್ರೆ ಒಳಗೆ ಧೈರ್ಯ ಬರತ್ತಾ, ಇಲ್ಲ ಬರೀ ಟೈಮ್‌ಪಾಸಾ?

ಧಾರವಾಡದಾಕಿ: ಖಂಡಿತ ಬರ್ತದ್ರಿ. ನಾ ಕಲ್ತಿದ್ದು ನಾಲ್ವತ್ತರ ಮ್ಯಾಲ. ಕಸೂತ್ಯಾಗ ಬಟ್ಟಿ ಮ್ಯಾಲ ಚಿತ್ರ ಬರಕೊಳ್ಳೂದಿಲ್ಲ, ಎಳಿ ಎಣಿಸಿ ಹಾಕೂದು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಕು ಹೊಲಿಗಿ, ನೀವು ಗವಂತಿಯಿಂದ ಶುರು ಮಾಡ್ರಿ. ಹೋಗೂವಾಗ ಒಂದು ಬಿಟ್ಟು ಒಂದು ಹಾಕ್ಕೋತ ಹೋಗೂದು, ಬರೂವಾಗ ಅದೇ ದಾರಿ ಹಿಡದು ಬಿಟ್ಟ ಜಾಗಾ ತುಂಬ್ಕೋತ ಬರೂದು, ಸರಿ ಬಂತಂದ್ರ ಎರಡೂ ಕಡಿ ಒಂದ ನಮೂನಿ ಕಾಣ್ತದ. ಗಂಟು ಹಾಕೂಹಂಗಿಲ್ಲ. ನಾ ಮೊದಲ ತುಳಸಿ ಕಟ್ಟಿ ಹಾಕಿದ್ದೆ, ಮುಗಿಯೂ ಹೊತ್ತಿಗೆ ಎರಡು ತುದಿ ಕೂಡಲೇ ಇಲ್ಲ, ನೋಡಿದ್ರ ಬುಡದಾಗ ಒಂದ ಎಳಿ ತಪ್ಪಿತ್ತು. ಅಳೂನ ಬಂತು. ಮೂರು ಸಂಜಿ ಕೂತು ಹಾಕಿದ್ದು ಎಲ್ಲಾ ಬಿಚ್ಚಿದೆ, ಮತ್ತ ಹಾಕಿದೆ. ಎರಡನೇ ಸಲ ತುದಿ ಬಂದು ಕೂಡ್ತಲ್ಲ, ಆವತ್ತು ಬಟ್ಟಿ ತಿರುವಿ ತಿರುವಿ ನೋಡಿದ್ದ ನೋಡಿದ್ದು! ಅದಾದ ಮ್ಯಾಲ ಬ್ಯಾಂಕಿಗೆ ಹೋಗೂವಾಗ ಫಾರ್ಮ್ ತುಂಬಾಕ ಯಾರನ್ನೂ ಜೋಡಿ ಕರ್ಕೊಂಡು ಹೋಗಿಲ್ಲ ನಾ. ತಪ್ಪಾದ್ರ ಇನ್ನೊಂದು ಫಾರ್ಮ್ ಇಸ್ಕೊಂಡ್ರಾತು.

ಸಾಗರದ_ಮಳೆ: ಟೈಮ್‌ಪಾಸ್ ಅಂತೂ ಅಲ್ಲ. ನಾನು ಹೋದ ಮಳೆಗಾಲದಲ್ಲಿ ಅಪ್ಪನ ಗರಗಸ ಹಿಡ್ಕಂಡು ಒಂದು ಮಣೆ ಮಾಡ್ದೆ, ಈಗ್ಲೂ ದಿನಾ ಅದರ ಮೇಲೇ ಕೂತು ಊಟ ಮಾಡ್ತೀನಿ. ಒಂದು ಮಾತು, ಮೊದಲನೇದು ಮುಗಿಯೋ ಮುಂಚೆ "ಮಾರಿದ್ರೆ ಎಷ್ಟು ಬರತ್ತೆ" ಅಂತ ಕೇಳೋರು ಬರ್ತಾರೆ, ಅವರ ಮಾತು ಕಿವಿಗೆ ಹಾಕ್ಕೋಬೇಡಿ.

ಸೂಜಿದಾರ: ಸೀದಾ ರೇಷ್ಮೆ ಮೇಲೆ ಶುರು ಮಾಡ್ಬೇಡಿ. ಮ್ಯಾಟಿ ಬಟ್ಟೆ ತಗೊಳ್ಳಿ, ಅದರಲ್ಲಿ ಎಣಿಸೋದು ಸುಲಭ. ಆರೆಳೆ ದಾರ ಸಿಗತ್ತಲ್ಲ, ಅದರಲ್ಲಿ ಎರಡೆಳೆ ಬಿಡಿಸ್ಕೊಂಡ್ರೆ ಸಾಕು. ಸಂಜೆ ಮಂದ ಬೆಳಕಲ್ಲಿ ಕೂರ್ಬೇಡಿ.

ಇಳಕಲ್_ಸೆರಗು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮ್ಯಾಟಿ ತಂದೆ, ಒಂದು ನೇರ ಸಾಲು ಹಾಕಿದೆ, ಹಿಂದೆ ಮುಂದೆ ಒಂದೇ ಥರ ಬಂತು! ಮಗಳಿಗೆ ತೋರಿಸಿದೆ, ಯಾವ ಕಡೆ ಮುಂದಿಂದು ಅಂತ ಅವಳಿಗೆ ಗೊತ್ತೇ ಆಗ್ಲಿಲ್ಲ. ಈಗ ಗೋಪುರ ಶುರು ಮಾಡಿದೀನಿ, ಪಕ್ಕಕ್ಕೆ ಕವಲು ಬರೋ ಜಾಗದಲ್ಲಿ ಸಿಕ್ಕಾಕ್ಕೊಂಡಿದೀನಿ. ಅದನ್ನ ಹೋಗ್ತಾ ಮುಗಿಸ್ಬೇಕಾ, ವಾಪಸ್ ಬರ್ತಾನಾ?

ಧಾರವಾಡದಾಕಿ: ಹೋಗೂವಾಗನ ಆ ಕವಲಿನ ತುದಿತನಾ ಹೋಗಿ, ತಿರುಗಿ ತುಂಬ್ಕೋತ ನಡಕಿನ ಗೆರಿಗೆ ಬಂದ ಮುಂದ ಹೋಗ್ರಿ. ವಾಪಸ್ ಬರೂವಾಗ ನಡಕಿನ ಗೆರಿ ಅಷ್ಟ ಉಳೀತದ. ಮುಗದ ಮ್ಯಾಲ ಎರಡೂ ಕಡಿ ಫೋಟೋ ಹಾಕ್ರಿ, ನೋಡಬೇಕಂತ ಭಾಳ ಆಸೆ ಅದ.